ಕೆಳಗೆ ಸೆಖೆ ಇದ್ದರೂ ಎತ್ತರದ ಬೆಟ್ಟದ ತುದಿಯಲ್ಲಿ ಹಿಮ ಯಾಕೆ ಕರಗುವುದಿಲ್ಲ? ಅಲ್ಲಿ ಬಿಸಿಲಿಗೆ ಶಕ್ತಿ ಕಮ್ಮಿಯಾ?

ಬಿಸಿಲಿಗೆ ಶಕ್ತಿ ಕಮ್ಮಿ ಇರಬೇಕು ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ಎರಡು ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದೆ.

ಸುಮಾರು 4,000 ಮೀಟರ್ ಎತ್ತರದ ಇಳಿಜಾರು. ಹಿಂದಿನ ರಾತ್ರಿ ಹೊಸ ಹಿಮ ಬಿದ್ದಿತ್ತು. ಎರಡು ದಿನದ ಹಿಂದೆ ತಪ್ಪಲಿನಲ್ಲಿ ಅಂಗಿಯೆಲ್ಲ ಬೆವರು, ಇಲ್ಲಿ ಮೂಗಿನ ತುದಿ ಮರಗಟ್ಟುತ್ತಿತ್ತು. ಕಪ್ಪು ಕನ್ನಡಕದ ಮೇಲೆ ಉಸಿರಿನ ಹಬೆ ಕೂತು ದಾರಿ ಕಾಣುತ್ತಿರಲಿಲ್ಲ. ತೆಗೆದು ಬ್ಯಾಗಿಗೆ ತುರುಕಿದೆ. ತೆಳು ಮೋಡ ಬೇರೆ ಇತ್ತು. ಜೊತೆಯವರು "ಹಾಕ್ಕೋ" ಅಂದರು. "ಇಷ್ಟು ಚಳಿಯಲ್ಲಿ ಎಂಥ ಬಿಸಿಲು?" ಅಂದೆ.

ಇದೇ ನೋಡಿ ತಪ್ಪು. ಹಬೆ ಒರೆಸಿಕೊಂಡು ನಡೆಯಬಹುದಿತ್ತು. ಮಾಡಲಿಲ್ಲ, ಯಾಕೆಂದರೆ ಚಳಿಯಿಂದಲೇ ಬಿಸಿಲನ್ನು ಅಳೆಯುತ್ತಿದ್ದೆ. ಚರ್ಮಕ್ಕೆ ಗೊತ್ತಾಗುತ್ತಿದ್ದದ್ದು ಗಾಳಿಯ ತಣುಪು. ಕಣ್ಣು ಸುಡುತ್ತಿದ್ದದ್ದು ನೇರಳಾತೀತ ಕಿರಣ. ಅದು ಬಿಸಿ ಅನಿಸುವುದಿಲ್ಲ, ಕಾಣುವುದೂ ಇಲ್ಲ, ತೆಳು ಮೋಡವನ್ನೂ ದಾಟಿ ಬರುತ್ತದೆ. ಮೇಲೆ ಅದನ್ನು ತಡೆಯಲು ಗಾಳಿಯೇ ಕಮ್ಮಿ. ಪ್ರತಿ 1,000 ಮೀಟರ್ ಏರಿದಾಗಲೂ ಅದು ಸುಮಾರು ಶೇ. 10ರಷ್ಟು ಜಾಸ್ತಿಯಾಗುತ್ತದೆ. ಸಾಲದ್ದಕ್ಕೆ ಹೊಸ ಹಿಮ ಅದರಲ್ಲಿ ಶೇ. 80ರವರೆಗೂ ವಾಪಸ್ ಎಸೆಯುತ್ತದೆ. ತಲೆಗೆ ಟೋಪಿ ಇತ್ತು, ನಿಜ. ಕೆಳಗಿನಿಂದ ಬರುವ ಬೆಳಕಿಗೆ ಟೋಪಿ ಏನು ಮಾಡೀತು?

ಐದು ತಾಸು ನಡೆದಾಗ ಏನೂ ಅನಿಸಲಿಲ್ಲ. ರಾತ್ರಿ ಟೆಂಟಿನಲ್ಲಿ ಶುರುವಾಯಿತು, ಕಣ್ಣಿಗೆ ಮರಳು ಹಾಕಿ ಉಜ್ಜಿದ ಹಾಗೆ. ಬೆಳಗ್ಗೆ ಉಳಿದವರು ತುದಿ ಹತ್ತಲು ಹೊರಟ ಸದ್ದಷ್ಟೇ ನನಗೆ ಕೇಳಿಸಿತು.

ಹಾಗಾಗಿ ಮೊದಲು ಆ 'ಶಕ್ತಿ ಕಮ್ಮಿ' ಅನ್ನುವುದನ್ನು ಬಿಟ್ಟುಬಿಡಿ. ಬಿಸಿಲು ಮೇಲೆ ಇನ್ನೂ ಚುರುಕು. ತಣ್ಣಗಿರುವುದು ಗಾಳಿ. ಬಿಸಿಲಿನ ಬಹುಪಾಲು ಗಾಳಿಯನ್ನು ಹಾದು ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕಾಯಿಸುತ್ತದೆ. ಒಲೆ ಇರುವುದು ಕೆಳಗೆ. ಕಾದ ಗಾಳಿ ಮೇಲೇರಿದಂತೆ ಸುತ್ತಲಿನ ಒತ್ತಡ ಇಳಿದು ಅದು ಹಿಗ್ಗುತ್ತದೆ. ಹಿಗ್ಗುವ ಕೆಲಸಕ್ಕೆ ತನ್ನ ಶಾಖವನ್ನೇ ಖರ್ಚು ಮಾಡುತ್ತದೆ. ಸೈಕಲ್ ಚಕ್ರದ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗೆ ತಾಕುತ್ತದಲ್ವಾ, ಹಾಗೆ. ಸರಾಸರಿ ಲೆಕ್ಕದಲ್ಲಿ ಕಿಲೋಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆಫ್ರಿಕಾದ 5,895 ಮೀಟರಿನ ಕಿಲಿಮಂಜಾರೋ ಬೆಟ್ಟ ತನ್ನ ತಪ್ಪಲಿಗಿಂತ ಸುಮಾರು 5 ಕಿಲೋಮೀಟರ್ ಮೇಲಿದೆ. ಕೆಳಗೆ 25 ಡಿಗ್ರಿ ಇದ್ದರೆ ತುದಿಯಲ್ಲಿ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ.

ಬೆಟ್ಟದ ತುದಿಯೂ ನೆಲವೇ ಅಲ್ವಾ, ಅದು ಕಾಯುವುದಿಲ್ಲವೇ ಅಂತ ಕೇಳಬಹುದು. ಕಾಯುತ್ತದೆ. ಆದರೆ ಅಷ್ಟು ಚಿಕ್ಕ ತುದಿ ಕೊಟ್ಟ ಶಾಖವನ್ನು ಗಾಳಿ ಹೊತ್ತೊಯ್ಯುತ್ತದೆ. ಟಿಬೆಟ್ ಪ್ರಸ್ಥಭೂಮಿ ವಿಶಾಲ, ಅದಕ್ಕೇ ಬೇಸಿಗೆಯಲ್ಲಿ ಅಲ್ಲಿನ ಗಾಳಿ ಅದೇ ಎತ್ತರದ ಬೇರೆ ಕಡೆಗಿಂತ ಬೆಚ್ಚಗಿರುತ್ತದೆ. ಇನ್ನು ಹಿಮ ಒಮ್ಮೆ ಕೂತರೆ ಬಿಸಿಲನ್ನು ಅಟ್ಟುತ್ತದೆ. ಅಟ್ಟಿದ್ದು ಎಲ್ಲಿಗೆ ಹೋಯಿತು ಅಂತ ನನ್ನ ಕಣ್ಣನ್ನು ಕೇಳಿ.

ಚಳಿ ಒಂದಿದ್ದರೆ ಹಿಮ ಇರುತ್ತದೆ ಅಂತಲೂ ಅಲ್ಲ, ಮೇಲಿನಿಂದ ಬೀಳಬೇಕು. ದಕ್ಷಿಣ ಅಮೆರಿಕದ ಅಟಕಾಮಾ ಮರುಭೂಮಿಯ ಅಂಚಿನ ಯುಯೈಯಾಕೋ ಬೆಟ್ಟ 6,739 ಮೀಟರ್ ಎತ್ತರವಿದ್ದರೂ ಹಿಮನದಿ ಇಲ್ಲವೆಂದೇ ಹೇಳಬೇಕು. ಅಷ್ಟು ಒಣ ಜಾಗ ಅದು.

ನಿಮ್ಮ ಅನುಮಾನವೇನೂ ಸಣ್ಣದಲ್ಲ. 1848ರಲ್ಲಿ ಯೊಹಾನೆಸ್ ರೆಬ್ಮನ್ ಎಂಬ ಪಾದ್ರಿ ಕಿಲಿಮಂಜಾರೋ ಮೇಲೆ ಹಿಮ ಕಂಡೆ ಅಂದಾಗ ಲಂಡನ್ನಿನ ಭೂಗೋಳ ಪಂಡಿತರೇ ನಂಬಲಿಲ್ಲ. ಸಮಭಾಜಕ ವೃತ್ತದ ಪಕ್ಕದಲ್ಲಿ ಹಿಮವೇ ಅಂತ. 1912ರಿಂದ ಈಚೆಗೆ ಅಲ್ಲಿನ ಮಂಜುಗಡ್ಡೆಯ ಶೇ. 80ಕ್ಕಿಂತ ಜಾಸ್ತಿ ಹೋಗಿಬಿಟ್ಟಿದೆ. ಅದರಲ್ಲಿ ಒಂದಿಷ್ಟು ನೀರಾಗಿ ಹರಿದದ್ದೂ ಅಲ್ಲ. ಗಾಳಿ ಸೊನ್ನೆಗಿಂತ ತಣ್ಣಗಿರುವಾಗಲೇ ಬಿಸಿಲು ಬಿದ್ದು ಗಡ್ಡೆಯಿಂದ ನೇರ ಆವಿಯಾಗಿ ಹೋದದ್ದು.