ಮನೆಯ ಲೆಕ್ಕ ಮಗಳಿಗೂ ಗೊತ್ತಿರಲಿ: ಒಂದು ಆಪ್ತಸಲಹೆ ಪ್ರಕರಣ

ಹುಡುಗಿ ಮತ್ತು ಅವಳ ಅಪ್ಪ ಅಮ್ಮನ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರನ್ನೂ ಗುರುತು ಸಿಗುವಂಥ ವಿವರಗಳನ್ನೂ ಬದಲಾಯಿಸಿದ್ದೇನೆ. ಅವಳನ್ನು ಸೌಮ್ಯ ಎಂದು ಕರೆಯೋಣ.

ಸೌಮ್ಯಳಿಗೆ 18 ವರ್ಷ. ಮನೆ ಮಲ್ಪೆಯ ಕಡೆ. ಅಪ್ಪ ಮೀನುಗಾರಿಕೆ ಬೋಟಿನಲ್ಲಿ ಕಲಾಸಿ (ಕೆಲಸಗಾರ), ಅಮ್ಮ ಬೀಡಿ ಕಟ್ಟುತ್ತಾರೆ. ತಮ್ಮ ಒಂಬತ್ತನೇ ಕ್ಲಾಸು. ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿತ್ತು. ಸಿಇಟಿ ರ‍್ಯಾಂಕ್ ತೀರಾ ಮೇಲಿನದ್ದಲ್ಲ. ಆದರೆ ನಮ್ಮ ಕಡೆಯ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಸಿಗುವಷ್ಟು ಇತ್ತು. ಅವಳನ್ನು ನನ್ನ ಬಳಿ ಕಳುಹಿಸಿದ್ದು ಅವಳ ಪಿಯು ಉಪನ್ಯಾಸಕಿ. ಫಲಿತಾಂಶ ಬಂದ ಮೇಲೆ ಹುಡುಗಿ ಯಾರ ಫೋನೂ ತೆಗೆಯುತ್ತಿರಲಿಲ್ಲ. ರಾತ್ರಿ ನಿದ್ದೆ ಇಲ್ಲ, ಮನೆಯವರ ಜೊತೆ ಕೂತು ಊಟವಿಲ್ಲ. ಪ್ರೇಮದ ವಿಷಯ ಇರಬಹುದು ಎಂದು ಅಮ್ಮನಿಗೆ ಅನುಮಾನ.

ಮೊದಲ ಭೇಟಿಯಲ್ಲಿ ಅವಳು ಜಾಸ್ತಿ ಮಾತಾಡಲಿಲ್ಲ. ಎರಡನೇ ಸಲ ಹೇಳಿದಳು: "ನಾನು ಆಪ್ಷನ್ ಎಂಟ್ರಿ ಮಾಡುವುದಿಲ್ಲ ಮೇಡಂ. ಉಡುಪಿಯಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ ಉಂಟು. ತಮ್ಮನಾದರೂ ಓದಲಿ." ಆಪ್ಷನ್ ಎಂಟ್ರಿ ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ನಮೂದಿಸುವುದು.

ಓದಲು ಇಷ್ಟ ಇಲ್ವಾ ಎಂದು ಕೇಳಿದೆ. ಅತ್ತಳು. ಇಷ್ಟ ಇತ್ತು. ಅವಳ ತಲೆಯಲ್ಲಿ ಕೂತಿದ್ದದ್ದು ಒಂದು ಮೊತ್ತ. ಪೇಟೆಯ ಒಬ್ಬ ಏಜೆಂಟ್ ಮನೆಗೆ ಬಂದು ಕಂಪ್ಯೂಟರ್ ಸೈನ್ಸಿಗೆ ವರ್ಷಕ್ಕೆ ಇಷ್ಟು ಲಕ್ಷ ಎಂದು ಹೇಳಿ ಹೋಗಿದ್ದ. ಐವತ್ತು ಸಾವಿರ ಮುಂಗಡ ಕೊಟ್ಟರೆ "ಸೀಟು ಬ್ಲಾಕ್" ಮಾಡುತ್ತೇನೆ ಅಂದಿದ್ದ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಹುಡುಗಿ ಅದನ್ನು ನಾಲ್ಕರಿಂದ ಗುಣಿಸಿದ್ದಳು. ಅದು ಕಾಲೇಜಿನ ಆಡಳಿತವೇ ತುಂಬುವ ಮ್ಯಾನೇಜ್ಮೆಂಟ್ ಸೀಟಿನ ದರ ಎಂದು ಅವಳಿಗೆ ಗೊತ್ತಿರಲಿಲ್ಲ. ಅದೇ ಕಾಲೇಜಿನ ಅದೇ ಕ್ಲಾಸಿನಲ್ಲಿ, ಸಿಇಟಿ ಮೂಲಕ ಸರ್ಕಾರಿ ಕೋಟಾದಲ್ಲಿ ಸೇರುವವರಿಗೆ ಸರ್ಕಾರ ನಿಗದಿ ಮಾಡಿದ ಬೇರೆ, ತುಂಬಾ ಕಡಿಮೆ ಶುಲ್ಕ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅವಳ ನಿದ್ದೆ ಕೆಡಿಸಿದ್ದು ಅವಳಿಗೆ ಸಂಬಂಧವೇ ಇಲ್ಲದ ಒಂದು ಮೊತ್ತ.

ಅಪ್ಪ ಆಮೇಲೆ ಬಂದರು. ಅವರದ್ದು ಬೇರೆಯೇ ಲೆಕ್ಕ. ಮಗಳಿಗೆ ಗೊತ್ತಾಗದಂತೆ ಬೋಟಿನ ಮಾಲೀಕರ ಹತ್ತಿರ ಮುಂಗಡ ಕೇಳಿದ್ದರು. ಮುಂಗಡ ತೆಗೆದುಕೊಂಡರೆ ತೀರುವವರೆಗೆ ಅದೇ ಬೋಟಿನಲ್ಲಿ ದುಡಿಯಬೇಕು. ಅಮ್ಮ ಕರಿಮಣಿ ಬಿಟ್ಟು ಉಳಿದ ಚಿನ್ನ ಅಡವಿಡಲು ತಯಾರಿದ್ದರು. ಮೂವರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ತ್ಯಾಗಕ್ಕೆ ಸಿದ್ಧರಾಗಿ, ಒಂದೇ ಮನೆಯಲ್ಲಿ ಮಾತಿಲ್ಲದೆ ಕೂತಿದ್ದರು. ಕರಾವಳಿಯ ಮನೆಗಳಲ್ಲಿ ನಾನು ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಪ್ರೀತಿಗೆ ಕೊರತೆ ಇರುವುದಿಲ್ಲ. ದುಡ್ಡಿನ ಮಾತನ್ನು ಮಕ್ಕಳ ಎದುರು ಆಡಬಾರದು ಎಂಬ ಮರ್ಯಾದೆ ಅಡ್ಡ ಬರುತ್ತದೆ.

ಇನ್ನೊಂದು ಸಂಗತಿ ಹೇಳಲೇಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ಬಂದರಿನಲ್ಲಿ ಕಟ್ಟಿಯೇ ಇರುತ್ತವೆ. ಕಲಾಸಿಗೆ ಆದಾಯವಿಲ್ಲ. ಕಾಲೇಜು ಪ್ರವೇಶದ ಗಡಿಬಿಡಿ, ಶುಲ್ಕದ ಗಡುವು ಎಲ್ಲ ಬರುವುದೂ ಹೆಚ್ಚುಕಡಿಮೆ ಈ ಮಳೆಗಾಲದಲ್ಲೇ. ಮೀನುಗಾರರ ಮನೆಯ ಮಗುವಿಗೆ "ನಮ್ಮಲ್ಲಿ ಏನೂ ಇಲ್ಲ" ಅನ್ನಿಸುವುದು ಈ ಎರಡು ತಿಂಗಳಲ್ಲಿ. ಅಕ್ಟೋಬರಿನಲ್ಲಿ ಕೇಳಿದರೆ ಅದೇ ಮನೆಯ ಉತ್ತರ ಬೇರೆ. ಆದ್ದರಿಂದ ನಾನು ಕೊಟ್ಟ ಮೊದಲ ಸಲಹೆ ಇದು: ಮಳೆಗಾಲದ ಕೈ ನೋಡಿ ನಾಲ್ಕು ವರ್ಷದ ನಿರ್ಧಾರ ಮಾಡಬೇಡಿ. ವರ್ಷ ಪೂರ್ತಿಯ ಆದಾಯ ಬರೆಯಿರಿ. ಸೌಮ್ಯ ಬರೆಯಲಿ, ನೀವು ಹೇಳಿ.

ಮೂವರನ್ನೂ ಒಟ್ಟಿಗೆ ಕೂರಿಸಿದೆ. ಅಪ್ಪ ಮೊದಲು ತಡವರಿಸಿದರು. ಮಗಳ ಎದುರು ಬೋಟಿನಿಂದ ಬರುವ ತನ್ನ ಪಾಲು ಎಷ್ಟು ಎಂದು ಹೇಳುವುದು ಅವರಿಗೆ ಸುಲಭ ಇರಲಿಲ್ಲ. ಹೇಳಿದರು. ಅಮ್ಮನ ಬೀಡಿ ಮಜೂರಿ, ಸೊಸೈಟಿಯಲ್ಲಿ ಕಟ್ಟುತ್ತಿದ್ದ ಪಿಗ್ಮಿ, ಮನೆ ರಿಪೇರಿ ಸಾಲದ ಕಂತು, ಎಲ್ಲ ಒಂದು ಹಾಳೆಗೆ ಬಂತು. ಇನ್ನೊಂದು ಹಾಳೆಯಲ್ಲಿ ಓದಿನ ಖರ್ಚು. ಇಲ್ಲಿ ಹೆಚ್ಚಿನವರು ಮೊದಲ ವರ್ಷದ ಕಾಲೇಜು ಶುಲ್ಕ ಮಾತ್ರ ನೋಡುತ್ತಾರೆ. ವಿಶ್ವವಿದ್ಯಾಲಯದ ಶುಲ್ಕ, ಪರೀಕ್ಷೆ ಫೀಸು, ಲ್ಯಾಪ್‌ಟಾಪ್, ಹಾಸ್ಟೆಲ್ ಅಥವಾ ಬಸ್ಸು, ಇವೆಲ್ಲ ಸೇರಿಸಿ ನಾಲ್ಕು ವರ್ಷಕ್ಕೆ ಬರೆಯಿರಿ ಎಂದೆ. ಬಸ್ಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಉಡುಪಿ, ಮಂಗಳೂರು ನಡುವೆ ಓಡುವುದು ಬಹುಪಾಲು ಖಾಸಗಿ ಬಸ್ಸು. ಉಚಿತ ಎಂದುಕೊಂಡು ಲೆಕ್ಕ ಹಾಕಬೇಡಿ.

ಎರಡು ಹಾಳೆಗಳ ನಡುವಿನ ಕೊರತೆ ವರ್ಷಕ್ಕೆ ಸುಮಾರು ಒಂದು ಲಕ್ಷ ಬಂತು. ಸೌಮ್ಯ ಅದನ್ನೇ ನೋಡುತ್ತಾ ಕೂತಳು. "ಇಷ್ಟೇನಾ?" ಅಂದಳು.

ಇಷ್ಟೇ ಅಂದರೂ ಸಣ್ಣ ಮೊತ್ತವಲ್ಲ. ಶಿಕ್ಷಣ ಸಾಲದ ಮಾತು ತೆಗೆದೆ. ಅಪ್ಪನ ಮುಖ ಕಪ್ಪಾಯಿತು. ಒಂದು ಬ್ಯಾಂಕ್ ಶಾಖೆಯಲ್ಲಿ ಈಗಾಗಲೇ ವಿಚಾರಿಸಿದ್ದರಂತೆ. ಮನೆ ಪತ್ರ ತನ್ನಿ, ಜಾಮೀನುದಾರರನ್ನು ತನ್ನಿ ಎಂದು ವಾಪಸ್ ಕಳುಹಿಸಿದ್ದರಂತೆ. ನನಗೆ ನಿಜಕ್ಕೂ ಬೇಸರವಾಯಿತು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ನೆಲ ಇದು. ದಿನಕ್ಕಿಷ್ಟು ಎಂದು ಮನೆ ಬಾಗಿಲಲ್ಲೇ ಸಂಗ್ರಹಿಸುವ ಪಿಗ್ಮಿ ಶುರುವಾದದ್ದೂ 1928ರಲ್ಲಿ, ಇಲ್ಲಿಯೇ. ಇಂಥ ಊರಿನಲ್ಲಿ ಒಬ್ಬ ಕಲಾಸಿ ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರಬಾರದು.

ಅವರಿಗೆ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳಬಾರದು. ಇದು ರಿಸರ್ವ್ ಬ್ಯಾಂಕಿನ ಸೂಚನೆ. ಹೆತ್ತವರಲ್ಲಿ ಒಬ್ಬರು ಸಹ-ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಕೇಂದ್ರ ಸರ್ಕಾರದ ಖಾತರಿ ಯೋಜನೆ ಇದೆ. ನವೆಂಬರ್ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯೂ ಇದೆ. ಅದರ ಪಟ್ಟಿಯಲ್ಲಿರುವ ಸಂಸ್ಥೆಗೆ ಮೆರಿಟ್ ಮೇಲೆ ಸೇರಿದವರಿಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಮ್ಯಾನೇಜ್ಮೆಂಟ್ ಕೋಟಾದಲ್ಲಿ ಸೇರಿದರೆ ಇದು ಸಿಗುವುದಿಲ್ಲ. ಏಜೆಂಟ್ ಈ ಮಾತನ್ನು ಹೇಳುವುದೇ ಇಲ್ಲ. ಅವನ ಸೀಟು ದುಬಾರಿ ಮಾತ್ರವಲ್ಲ, ಅಗ್ಗದ ಸಾಲದ ಬಾಗಿಲನ್ನೂ ಮುಚ್ಚುತ್ತದೆ.

ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದು, ಓದಿನ ಗುಣಮಟ್ಟ ಅಳೆಯುವ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇರುವಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಓದಿದರೆ, ಕೋರ್ಸಿನ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುತ್ತದೆ. ಹಾಗೆಂದರೆ ಎಷ್ಟು ಎಂದು ಅಪ್ಪ ಕೇಳಿದರು. ಕೂತು ಲೆಕ್ಕ ಹಾಕಿದೆವು. ಸುಲಭವಾಗಲಿ ಎಂದು ಬಡ್ಡಿ ಶೇಕಡಾ 10 ಎಂದು ಹಿಡಿದೆವು. ವರ್ಷಕ್ಕೆ ಒಂದು ಲಕ್ಷದಂತೆ ಬ್ಯಾಂಕ್ ನೇರವಾಗಿ ಕಾಲೇಜಿಗೆ ಕಟ್ಟುತ್ತದೆ. ಈ ಅವಧಿಯಲ್ಲಿ ಸರಳ ಬಡ್ಡಿ. ಮೊದಲ ಲಕ್ಷಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಹೀಗೆ ಕೂಡಿದರೆ ಬಡ್ಡಿಯೇ 1,40,000 ರೂಪಾಯಿ. ಸಹಾಯಧನ ಇಲ್ಲದಿದ್ದರೆ 5,40,000ಕ್ಕೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 7,100. ಸಹಾಯಧನ ಇದ್ದರೆ ತೀರಿಸಬೇಕಾದ್ದು ನಾಲ್ಕು ಲಕ್ಷ ಮಾತ್ರ, ಕಂತು ಸುಮಾರು 5,300. ಕೆಲಸ ಸಿಕ್ಕ ಮೇಲೆ ಇದನ್ನು ಕಟ್ಟುವವಳು ಸೌಮ್ಯ. ಹಾಗಾಗಿ ಈ ಎರಡು ಅಂಕಿಗಳನ್ನು ಅವಳ ಕೈಯಲ್ಲೇ ಬರೆಸಿದೆ. ಓದನ್ನು ನಡುವೆ ಬಿಟ್ಟರೆ ಈ ಸಹಾಯ ನಿಲ್ಲುತ್ತದೆ ಎಂಬುದನ್ನೂ.

ನಂತರ ಅವಳೊಬ್ಬಳ ಜೊತೆ ಮಾತಾಡಿದೆ. ಸಾಲ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಎಂಜಿನಿಯರಿಂಗ್ ಬೇಡ, ಬಿಎಸ್ಸಿಯೂ ಒಳ್ಳೆಯ ದಾರಿ ಎಂದೆ. ಅವಳಿಗೆ ಗಣಿತ ಇಷ್ಟ. ಎರಡನ್ನೂ ತೂಗಿದಳು. ಎಂಜಿನಿಯರಿಂಗ್ ಎಂದು ತಾನಾಗಿ ಹೇಳಿದಳು. ಆದರೂ ಸರ್ಕಾರದ ಪದವಿ ಪ್ರವೇಶ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ಪದವಿ ಕಾಲೇಜಿನ ಅರ್ಜಿ ಹಾಕಿಸಿದೆ. ಒಂದು ಕಡೆ ಕೈಕೊಟ್ಟರೆ ಇನ್ನೊಂದು ಕಡೆ ವರ್ಷ ಉಳಿಯಬೇಕಲ್ವಾ.

ಆಪ್ಷನ್ ಎಂಟ್ರಿಯ ಬಗ್ಗೆ ಅವಳಿಗೆ ತಪ್ಪು ಕಲ್ಪನೆ ಇತ್ತು. ಸಿಗದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದ್ದೂ ಹೋಗುತ್ತದೆ ಎಂದುಕೊಂಡಿದ್ದಳು. ಹಾಗಲ್ಲ. ನಿಮ್ಮ ಸರದಿ ಬಂದಾಗ ಪಟ್ಟಿಯ ಮೇಲಿನಿಂದ ನೋಡುತ್ತಾ ಬಂದು, ರ‍್ಯಾಂಕಿಗೆ ಮೊದಲು ಸಿಗುವ ಸೀಟನ್ನು ಕೊಡುತ್ತಾರೆ. ಆದ್ದರಿಂದ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಬೇಕು. ಆದರೆ ಸೇರಲು ಸಾಧ್ಯವೇ ಇಲ್ಲದ ಕಾಲೇಜನ್ನು ಸುಮ್ನೆ ಬರೆಯಬಾರದು, ಸಿಕ್ಕಿಬಿಟ್ಟರೆ ಕಷ್ಟ. ಬಂಟಕಲ್ಲು, ಮೂಡುಬಿದಿರೆ, ಮಂಗಳೂರು ಎಂದು ಪಟ್ಟಿ ಮಾಡುವಾಗ ಪ್ರತಿ ಹೆಸರಿನ ಎದುರು ವರ್ಷದ ಒಟ್ಟು ಖರ್ಚು ಬರೆಸಿದೆ. ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ 1 ಎಂದರೆ ಒಪ್ಪಿ ಸೇರುವುದು. 2 ಎಂದರೆ ಇದನ್ನು ಇಟ್ಟುಕೊಂಡು ಇನ್ನೂ ಮೇಲಿನದ್ದಕ್ಕೆ ಕಾಯುವುದು. 3 ಎಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. 4 ಎಂದರೆ ಪ್ರಕ್ರಿಯೆಯಿಂದಲೇ ಹೊರಬರುವುದು. ಸಿಟ್ಟಿನಲ್ಲಿ 3 ಒತ್ತಿ ಇದ್ದ ಸೀಟನ್ನೂ ಕಳೆದುಕೊಂಡ ಮಕ್ಕಳನ್ನು ನೋಡಿದ್ದೇನೆ. ಶುಲ್ಕ ಕಟ್ಟುವ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಸೀಟು ಹಂಚಿಕೆ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪ್ರಕಟಣೆಯನ್ನು ಸ್ವತಃ ಓದಿ. ವಾಟ್ಸಾಪ್‌ನಲ್ಲಿ ಬಂದದ್ದನ್ನು ನಂಬಬೇಡಿ.

ದಾಖಲೆಗಳ ಕೆಲಸ ಚುಟುಕಾಗಿ ಹೇಳುತ್ತೇನೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲಿರುವ ಗುರುತಿನ ಸಂಖ್ಯೆ) ನಾಡಕಚೇರಿಯಿಂದ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಮೀಸಲಾತಿ. ಸೌಮ್ಯಳಿಗೆ ಎರಡೂ ಇತ್ತು, ಪುಣ್ಯಕ್ಕೆ ಅರ್ಜಿಯಲ್ಲಿ ನಮೂದಿಸಿದ್ದಳು. ಆಧಾರಿನಲ್ಲಿ ಇನಿಷಿಯಲ್ ಮುಂದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಿಂದೆ ಇತ್ತು. ಅದನ್ನು ಮೊದಲು ಸರಿ ಮಾಡಿಸಿದೆವು. ಮೂಲ ಅಂಕಪಟ್ಟಿಯನ್ನು ಏಜೆಂಟಿನ ಕೈಗೆ ಕೊಡಲೇಬೇಡಿ. ಕಾಲೇಜುಗಳು ಕೂಡ ಪರಿಶೀಲಿಸಿ ವಾಪಸ್ ಕೊಡಬೇಕು ಎಂದು ಯುಜಿಸಿ 2018ರಲ್ಲೇ ಹೇಳಿದೆ.

ಅಮ್ಮ ಅಲ್ಲಿಯವರೆಗೆ ಸುಮ್ಮನೆ ಕೂತಿದ್ದರು. ನಿಮ್ಮ ಬಳಿ ಬೀಡಿ ಕಾರ್ಮಿಕರ ಗುರುತಿನ ಚೀಟಿ ಉಂಟಾ ಎಂದು ಕೇಳಿದೆ. ಉಂಟು, ಕಪಾಟಿನಲ್ಲಿ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ಶಿಕ್ಷಣ ಸಹಾಯ ಇದೆ. ಎಂಜಿನಿಯರಿಂಗ್‌ನಂಥ ಕೋರ್ಸಿಗೆ ವರ್ಷಕ್ಕೆ 25,000 ರೂಪಾಯಿ. ಆದಾಯದ ಮಿತಿ ಇದೆ, ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಇಷ್ಟು ವರ್ಷ ಎಲೆ ಕತ್ತರಿಸಿ ಕೈ ಒಡೆದುಕೊಂಡ ಆ ತಾಯಿ, "ನನ್ನ ಕಾರ್ಡಿನಿಂದ ಇವಳಿಗೆ ಬರ್ತದಾ?" ಎಂದು ಎರಡು ಸಲ ಕೇಳಿದರು. ಅವರ ಗಂಟಲು ಕಟ್ಟಿತ್ತು. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಇಂಥ ಕಾರ್ಡು ಎಷ್ಟು ಕಪಾಟಿನಲ್ಲಿ ಸುಮ್ಮನೆ ಬಿದ್ದಿದೆಯೋ ಎಂದು ನನಗೆ ಸಂಕಟವಾಗುತ್ತದೆ. ದಯವಿಟ್ಟು ಹುಡುಕಿ ತೆಗೆಯಿರಿ.

ಒಂದು ಎಚ್ಚರಿಕೆ: ವಿದ್ಯಾರ್ಥಿವೇತನದ ಹಣ ತಡವಾಗಿ ಬರುತ್ತದೆ. ಮೊದಲ ಶುಲ್ಕಕ್ಕೆ ಅದನ್ನು ನಂಬಬೇಡಿ. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಆ ಖಾತೆಗೇ ಬರುವ ಜೋಡಣೆ, ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ಮೊದಲ ಶುಲ್ಕಕ್ಕೆ ಮಾತ್ರ ಎರಡು ಬಳೆ ಅಡವಿಡುವುದು, ಬೋಟಿನ ಮುಂಗಡ ಬೇಡ ಎಂದು ಮೂವರೂ ಸೇರಿ ತೀರ್ಮಾನಿಸಿದರು. ನನಗೂ ಅದೇ ಸರಿ ಅನ್ನಿಸಿತು. ಬಳೆಯನ್ನು ದೀಪಾವಳಿಯ ಹೊತ್ತಿಗೆ ಬಿಡಿಸಿಕೊಳ್ಳಬಹುದು. ಮುಂಗಡ ಅಪ್ಪನನ್ನೇ ಕಟ್ಟಿಹಾಕುತ್ತದೆ. ಬ್ಯಾಂಕಿಗೆ ಈ ಸಲ ಸೌಮ್ಯಳೇ ಅಪ್ಪನ ಜೊತೆ ಹೋದಳು. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಿ, ಅದರ ಪ್ರತಿ ಹಿಡಿದುಕೊಂಡು. ಸಾಲ ಇಲ್ಲ ಎನ್ನುವುದಾದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಲು ಹೇಳಿದ್ದೆ. ಅಲ್ಲೂ ಆಗದಿದ್ದರೆ ಜಿಲ್ಲೆಯ ಬ್ಯಾಂಕುಗಳ ನಡುವೆ ಸಮನ್ವಯ ನೋಡುವ ಲೀಡ್ ಬ್ಯಾಂಕ್ ಮ್ಯಾನೇಜರ್ ಇದ್ದಾರೆ ಎಂದೂ ಹೇಳಿದ್ದೆ. ಅಷ್ಟು ದೂರ ಹೋಗಬೇಕಾಗಲಿಲ್ಲ.

ಅವಳಿಗೆ ಎರಡನೇ ಸುತ್ತಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿತು, ಮನೆಯಿಂದ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿ. ನಿದ್ದೆ ಸರಿಯಾಗಿದೆ. ಬೀಡಿ ಕಾರ್ಮಿಕರ ಸಹಾಯದ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಈಗ ಅವಳಿಗೆ ಉಳಿದಿರುವ ಕೆಲಸ ಎರಡು. ಪ್ರತಿ ವರ್ಷದ ಅಂಕಪಟ್ಟಿಯನ್ನು ಬ್ಯಾಂಕಿಗೆ ಕೊಟ್ಟರೆ ಮಾತ್ರ ಮುಂದಿನ ಕಂತು ಬಿಡುಗಡೆಯಾಗುತ್ತದೆ. ವಿದ್ಯಾರ್ಥಿವೇತನಕ್ಕೆ ಎರಡನೇ ವರ್ಷ ಮತ್ತೆ ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ. ಎರಡರ ತಾರೀಖನ್ನೂ ಅಪ್ಪನ ಫೋನಿನಲ್ಲಿಯೂ ಹಾಕಿಡಲು ಹೇಳಿದ್ದೇನೆ.