ಯಹೂದಿ ಡೆಲಿಯಲ್ಲಿ ನಿಮ್ಮ ತಾಯಿಗೆ ಏನು ಆರ್ಡರ್ ಮಾಡಬಹುದು

ಮಾಂಸ ತಿನ್ನದ, ಮೊಟ್ಟೆ ತಿನ್ನುವ ನಿಮ್ಮ ತಾಯಿಗೆ ಹೊಸ ಯಹೂದಿ ಡೆಲಿಯಲ್ಲಿ (ಸ್ಯಾಂಡ್‌ವಿಚ್, ಸೂಪ್‌ಗಳ ತಿನಿಸಿನಂಗಡಿ) ಏನು ಸಿಗುತ್ತದೆ ಎಂದು ಕೇಳಿದ್ದೀರಿ. ಪಾಸ್ಟ್ರಾಮಿ (ಮಸಾಲೆ ಹಚ್ಚಿ ಹೊಗೆಯಾಡಿಸಿದ ದನದ ಮಾಂಸ) ಮಾರುವ ಅಂಗಡಿ ಕಟ್ಟುನಿಟ್ಟಾದ ಕೋಷರ್ ಆಗಿದ್ದರೆ, ಅಂದರೆ ಮಾಂಸ, ಹಾಲು ಬೆರೆಸಬಾರದೆಂಬ ಯಹೂದಿ ಆಹಾರ ನಿಯಮ ಪಾಲಿಸುವುದಾದರೆ, ಅಲ್ಲಿ ಹಾಲು, ಚೀಸ್ ಇರುವುದಿಲ್ಲ. 'ಪಾರ್ವೆ' (ಮಾಂಸವೂ ಹಾಲೂ ಇಲ್ಲದ್ದು) ಎಂದು ಬರೆದದ್ದೆಲ್ಲ ಸಸ್ಯಾಹಾರವಲ್ಲ, ಮೀನೂ ಇರಬಹುದು. ಮಾಟ್ಜೊ (ಹುಳಿ ಬರಿಸದ ರೊಟ್ಟಿ) ಪುಡಿಯ ಉಂಡೆ ಹಾಕಿದ ಮಾಟ್ಜೊ ಬಾಲ್ ಸೂಪ್ ಬೇಡ: ಸಾಮಾನ್ಯವಾಗಿ ಅದು ಕೋಳಿ ಸಾರು, ಉಂಡೆಯಲ್ಲೂ ಕೋಳಿ ಕೊಬ್ಬು ಇರಬಹುದು.

ಆಲೂಗಡ್ಡೆ ಕ್ನಿಶ್ (ಹಿಟ್ಟಿನ ಹೊದಿಕೆಯೊಳಗೆ ಪಲ್ಯ ತುಂಬಿದ ತಿನಿಸು) ಚೆನ್ನಾಗಿರುತ್ತದೆ. ಒಳಗಿನ ಈರುಳ್ಳಿಯನ್ನು ಎಣ್ಣೆಯಲ್ಲಿ ಹುರಿದಿದ್ದಾರೋ ಕೋಳಿ ಕೊಬ್ಬಿನಲ್ಲೋ ವಿಚಾರಿಸಿ. ಲಾಟ್ಕೆಯನ್ನು (ತುರಿದ ಆಲೂಗಡ್ಡೆಯ ಕರಿದ ತಟ್ಟು) ಅಲ್ಲೇ ಕೂತು ಬಿಸಿಬಿಸಿ ತಿನ್ನಿ, ಸೇಬಿನ ಸಾಸ್ ಜೊತೆ. ಪಾರ್ಸೆಲ್ ಬೇಡವೇ ಬೇಡ, ಮುಚ್ಚಿದ ಡಬ್ಬಿಯ ಹಬೆಗೆ ಗರಿಗರಿ ಅಂಚೆಲ್ಲ ಮೆತ್ತಗಾಗುತ್ತದೆ. ಸೌತೆಕಾಯಿಯ ಉಪ್ಪಿನಕಾಯಿಯಲ್ಲಿ ಹಾಫ್ ಸೋರ್ (ಅರ್ಧ ಹುಳಿ ಬಂದದ್ದು) ಕೇಳಿ. ವಿನೆಗರ್ ಇಲ್ಲದೆ ಉಪ್ಪುನೀರು, ಬೆಳ್ಳುಳ್ಳಿ, ಸಬ್ಬಸಿಗೆಯಲ್ಲಿ ನೆನೆದದ್ದು. ಸಿಪ್ಪೆ ಇನ್ನೂ ಹಸಿರು, ಕಚ್ಚಿದರೆ ಕರುಂ ಎನ್ನುತ್ತದೆ. ರೈ ಬ್ರೆಡ್, ಸಾಸಿವೆಯೊಂದಿಗೆ ಅದೇ ಒಳ್ಳೆಯ ಊಟ.