ಸಿರೋಸಿಸ್ ಇರುವ ಅಪ್ಪನಿಗೆ ಗಂಜಿ-ಉಪ್ಪಿನಕಾಯಿ ಪಥ್ಯ ಸಾಕಾ?

ಲಿವರ್ ಸಿರೋಸಿಸ್‌ನಿಂದ ಹೊಟ್ಟೆಯಲ್ಲಿ ನೀರು ತುಂಬಿರುವ ನಿಮ್ಮ ತಂದೆಗೆ ಬರೀ ಗಂಜಿ-ಉಪ್ಪಿನಕಾಯಿ, ಜೊತೆಗೆ ನೆಲನೆಲ್ಲಿ ರಸ ಕೊಟ್ಟರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಉಪ್ಪಿನಕಾಯಿಯಂತೂ ಬೇಡವೇ ಬೇಡ, ಉಪ್ಪು ಹೆಚ್ಚಾದಷ್ಟೂ ನೀರು ತುಂಬುತ್ತದೆ. ನಾನು ಡಾಕ್ಟರಲ್ಲ, ಮಲ್ಪೆ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪನನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ, ಅಷ್ಟೆ. (ಅಪ್ಪ ಒಂದು ದಿನವೂ ಕುಡಿದವರಲ್ಲ. ಶುಗರ್, ಫ್ಯಾಟಿ ಲಿವರ್‌ನಿಂದಲೂ ಇದು ಬರುತ್ತದೆ ಅಂತ ನೆಂಟರಿಗೆ ಹೇಳಿ ಹೇಳಿ ಸುಸ್ತಾಗಿದ್ದೇನೆ.)

ಇದು ಕಾಮಾಲೆಯ ಹಾಗೆ ಬಂದು ಹೋಗುವುದಲ್ಲ. ಲಿವರ್ ಕಲೆಗಟ್ಟಿ ಗಡುಸಾಗಿರುತ್ತದೆ. ಆ ಕಲೆ ಹೆಚ್ಚಿನವರಲ್ಲಿ ಪೂರ್ತಿ ಹೋಗುವುದಿಲ್ಲ, ಮುಂದುವರಿಯದಂತೆ ತಡೆಯಬಹುದು. ಮದ್ದು ಯಾವುದೇ ಇರಲಿ, ನಾಟಿಯದ್ದಾದರೂ ಸರಿ, ಡಾಕ್ಟರಿಗೆ ಹೇಳದೆ ಕೊಡಬೇಡಿ. ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳಿಂದ ಕಿಡ್ನಿಗೇ ಪೆಟ್ಟು.

ನಮಗೆ ಹೇಳಿದ ಲೆಕ್ಕ: ಇಡೀ ದಿನಕ್ಕೆ ಉಪ್ಪು 5 ಗ್ರಾಂ ಒಳಗೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚ. ನಮ್ಮ ಕಡೆ ಗಂಜಿಗೆ ಜೊತೆ ಏನುಂಟು ಹೇಳಿ? ಒಣಮೀನಿನ ಚಟ್ನಿ, ಹಪ್ಪಳ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ. ಎಲ್ಲವೂ ಉಪ್ಪೇ! ಈಗ ಅಪ್ಪನ ಪದಾರ್ಥ ಬೇರೆ ತೆಗೆದಿಟ್ಟು ಲಿಂಬೆ, ಕಾಳುಮೆಣಸು ಹಾಕುತ್ತೇನೆ. 'ಲೋ ಸೋಡಿಯಂ' ಉಪ್ಪು ತರಲು ಹೋಗಬೇಡಿ. ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ನೀರಿಳಿಸಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಕೂಡ ಪೊಟ್ಯಾಸಿಯಂ ಏರಿಸುವ ಮಾತ್ರೆ. ಎರಡೂ ಸೇರಿದರೆ ಅದು ಅತಿಯಾಗಿ ಹೃದಯಕ್ಕೆ ಅಪಾಯ.

ಬರೀ ಗಂಜಿಯಲ್ಲಿ ಮಾಂಸಖಂಡ ಕರಗಿಹೋಗುತ್ತದೆ. 60 ಕೆ.ಜಿ. ತೂಕದವರಿಗೆ ದಿನಕ್ಕೆ 72ರಿಂದ 90 ಗ್ರಾಂ ಪ್ರೋಟೀನ್ ಬೇಕು. ತಾಜಾ ಬಂಗುಡೆ, ಮೊಟ್ಟೆ, ಹೆಸರುಕಾಳು ಕೊಡಿ. ಮರುವಾಯಿ (ಚಿಪ್ಪುಮೀನು) ಅರೆಬೆಂದದ್ದು ಮಾತ್ರ ಬೇಡ, ಅದರ ಸೋಂಕು ಇವರ ಪ್ರಾಣಕ್ಕೇ ಬಂದೀತು. ಲಿವರ್ ರಾತ್ರಿಗೆ ಬೇಕಾದ ಶಕ್ತಿ ಕೂಡಿಡಲಾರದು, ಹಾಗಾಗಿ ಮಲಗುವ ಮುಂಚೆ ಏನಾದರೂ ತಿನ್ನಿಸಿ.

ನಾನು ಎಡವಿದ್ದು ಲ್ಯಾಕ್ಟುಲೋಸ್ ವಿಷಯದಲ್ಲಿ. ಅತಿ ಸಿಹಿ ಅಂತ ಅಪ್ಪ ಬಿಟ್ಟರು, ಮಲಬದ್ಧತೆಗೆ ತಾನೇ ಅಂತ ನಾನೂ ಸುಮ್ಮನಾದೆ. ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ. ಮೂರನೇ ದಿನ ಅಂಗಿಯ ಗುಂಡಿ ಹಾಕಲು ಗೊತ್ತಾಗದೆ ಕೂತಿದ್ದರು. ಲಿವರ್ ತೆಗೆಯಲಾರದ, ಆ ಸಿರಪ್ ಮಲದ ಜೊತೆ ಹೊರಹಾಕಬೇಕಿದ್ದ ಅಮೋನಿಯ ಮಿದುಳಿಗೆ ಏರಿತ್ತು. ದಿನಕ್ಕೆ ಎರಡು-ಮೂರು ಸಲ ಮೆತ್ತಗೆ ಹೋಗುವಷ್ಟು ಆ ಸಿರಪ್ ಬೇಕೇ ಬೇಕಂತೆ.

ಹೀಗೆ ಗಲಿಬಿಲಿಯಾದರೆ, ರಕ್ತ ವಾಂತಿಯಾದರೆ, ಮಲ ಟಾರಿನಂತೆ ಕಪ್ಪಾದರೆ, ಜ್ವರದೊಂದಿಗೆ ಹೊಟ್ಟೆನೋವು ಬಂದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಿ. ಅಂದಹಾಗೆ, ಎಂಡೋಸ್ಕೋಪಿ ಆಗಿದೆಯಾ? ನೀವು ಬರೆದದ್ದರಲ್ಲಿ ಕಾಣಲಿಲ್ಲ. ಅನ್ನನಾಳದ ರಕ್ತನಾಳ ಉಬ್ಬಿದ್ದರೆ ಒಡೆಯುವ ಮೊದಲೇ ಬ್ಯಾಂಡ್ ಹಾಕುತ್ತಾರೆ. ಲಿವರ್ ಕ್ಯಾನ್ಸರ್ ಬಂದಿದೆಯಾ ಅಂತ ನೋಡಲು 6 ತಿಂಗಳಿಗೊಮ್ಮೆ ಮಾಡುವ ಸ್ಕ್ಯಾನಿಂಗ್ ಬಗ್ಗೆಯೂ ಕೇಳಿಕೊಳ್ಳಿ.